ಸೈನಬಳ ಇನ್ನೂರು ಕೂಪನ್

ಇನ್ನೂರರಲ್ಲಿ ಅರವತ್ತು ಖೋಟಾ.

ಚಹಾ ಕಂಪೆನಿಯ ಮಂಗಳೂರು ಕಚೇರಿ ಕಳಿಸಿದ ಲಕೋಟೆಯನ್ನು ಬಂಟ್ವಾಳದ ಸಬ್ ಇನ್ಸ್‌ಪೆಕ್ಟರ್ ಕಮಲಾಕ್ಷ ಮೇಜಿನ ಮೇಲೆ ಸುರಿದರು. 1963ರಲ್ಲಿ ಊರಿಡೀ ಈ ಕೂಪನ್‌ಗಳದ್ದೇ ಸುದ್ದಿ. ಪ್ಯಾಕೆಟಿಗೊಂದು ಕೂಪನ್, ಇನ್ನೂರು ಕೂಡಿಸಿದವರಿಗೆ ಹೊಲಿಗೆ ಯಂತ್ರ. ಇವನ್ನು ಕೊಟ್ಟವಳು ಫರಂಗಿಪೇಟೆಯ ಸೈನಬ. ಗಂಡ ತೀರಿಕೊಂಡ ಮೇಲೆ ಕೈಹೊಲಿಗೆ ಮಾಡಿ ಬದುಕುವವಳು.

"ಅವಳ ತಮ್ಮ ಬದ್ರುದ್ದೀನ್ ಮೂಡಬಿದ್ರೆಯ ಪ್ರೆಸ್ಸಿನಲ್ಲಿರುವುದು ಸಾರ್," ಎಂದ ಚಿನ್ನಯ್ಯ. ಬಿ.ಸಿ.ರೋಡಿನಲ್ಲಿ ಅಂಗಡಿ ಇಟ್ಟ ಕಂಪೆನಿ ಏಜೆಂಟ್ ಅವನು. ಸೈನಬ ಕೂಪನ್ ಕೊಟ್ಟದ್ದು ಅವನ ಕೈಯಲ್ಲೇ. "ಇನ್ನು ನಾನು ಹೇಳಲಿಕ್ಕೆ ಏನುಂಟು?"

* * *

ಮೂಡಬಿದ್ರೆಯ ಪ್ರೆಸ್ಸಿನ ಮಾಲೀಕ ಮುಂಡಪ್ಪ ಖೋಟಾ ಕೂಪನನ್ನು ಬೆಳಕಿಗೆ ಹಿಡಿದು ನೋಡಿದರು.

"ಈ ಚಿತ್ರ ಅಚ್ಚಾಗಲು ಕೆತ್ತಿದ ಬ್ಲಾಕ್ ಬೇಕು. ನಮ್ಮಲ್ಲಿ ಬರೀ ಅಕ್ಷರದ ಮೊಳೆ. ಬದ್ರು ಪುಸ್ತಕ ಕಟ್ಟುವವ ಮಾರಾಯ್ರೆ, ಯಂತ್ರ ಮುಟ್ಟುವವನಲ್ಲ."

ಕಮಲಾಕ್ಷರು ಪ್ರೆಸ್ಸಿನ ಮೂಲೆಮೂಲೆ ಹುಡುಕಿದರು. ಬ್ಲಾಕ್ ಇರಲಿಲ್ಲ. ಬರಿಗೈಯಲ್ಲಿ ಜೀಪು ಹತ್ತಿದರು. ಆದರೆ ಕೈಬಿಡುವ ಯೋಚನೆ ಅವರಿಗೆ ಬರಲಿಲ್ಲ. ದಾರಿಯುದ್ದಕ್ಕೂ ಕೂಪನ್‌ಗಳನ್ನು ಒಂದೊಂದಾಗಿ ನೋಡಿದರು. ಕೆಲವುಗಳ ಮೂಲೆಯಲ್ಲಿ ಸಣ್ಣ ತೂತು. ಕೆಲವುಗಳಲ್ಲಿ ಇಲ್ಲ.

* * *

"ಈ ತೂತು ಏನಮ್ಮ?"

ಸೈನಬ ಹೊಸ್ತಿಲಲ್ಲಿ ನಿಂತಿದ್ದಳು. ಹೆದರಿದ್ದಳು, ಆದರೆ ತಲೆ ತಗ್ಗಿಸಿರಲಿಲ್ಲ.

"ಸೂಜಿಯದ್ದು ಸಾರ್. ದೊಡ್ಡ ಲೆಕ್ಕ ನನಗೆ ತಪ್ಪಿಹೋಗ್ತದೆ. ಹತ್ತಾದ ಕೂಡಲೇ ನೂಲು ಹಾಕಿ ಹೊಲಿದು ಇಡ್ತೇನೆ. ಇಪ್ಪತ್ತು ಕಟ್ಟು ಕೊಟ್ಟದ್ದು."

"ಎಲ್ಲ ಕಟ್ಟಿಗೂ ಹೊಲಿಗೆ ಹಾಕಿದ್ದೀಯಾ?"

"ಒಂದನ್ನೂ ಬಿಡ್ಲಿಲ್ಲ."

ಕಮಲಾಕ್ಷರು ಜೀಪಿನ ಬಾನೆಟ್ ಮೇಲೆ ಕೂಪನ್ ಹರಡಿದರು. ತೂತಿದ್ದವು ನೂರ ನಲವತ್ತು. ತೂತಿಲ್ಲದವು ಅರವತ್ತು. ಆ ಅರವತ್ತೂ ಖೋಟಾ.

ಅವರು ಅಲ್ಲಿಂದಲೇ ಕಂಪೆನಿಗೆ ಫೋನು ಮಾಡಲು ಅಂಚೆ ಕಚೇರಿಗೆ ಹೋದರು.

* * *

ಮರುದಿನ ಬೆಳಿಗ್ಗೆ ಕಮಲಾಕ್ಷರು ಚಿನ್ನಯ್ಯನ ಅಂಗಡಿಯಲ್ಲಿ ಸೈನಬಳನ್ನೂ ಕೂರಿಸಿ ಅವನನ್ನು ಕೇಳಿದರು.

"ಬೆಳ್ತಂಗಡಿಯ ಶಂಭು ನಿಮಗೇನಾಗಬೇಕು?"

"ಬಾವ. ಯಾಕೆ ಸಾರ್?"

"ಇದೇ ತಿಂಗಳು ನಿಮ್ಮ ಮೂಲಕ ಅವನಿಗೆ ಯಂತ್ರ ಬಂದಿದೆ. ಅವನು ಕೊಟ್ಟ ಇನ್ನೂರೂ ಅಸಲಿ. ಅದರಲ್ಲಿ ಅರವತ್ತರ ಮೂಲೆಯಲ್ಲಿ ಸೂಜಿ ತೂತು. ನಿಮ್ಮ ಬಾವ ಕೂಪನ್ ಹೊಲಿಯುತ್ತಾನಾ?"

ಅಷ್ಟರಲ್ಲಿ ಕಾನ್‌ಸ್ಟೇಬಲ್ ಹುಕ್ರಪ್ಪ ಅಟ್ಟದಿಂದ ಇಳಿದ. ಅವನ ಕೈಯಲ್ಲಿ ಕೆಂಪು ಶಾಯಿ ಮೆತ್ತಿದ ಬ್ಲಾಕ್.

"ಶಂಭುವಿಗೆ ಅರವತ್ತು ಕಡಿಮೆ ಬಿತ್ತು," ಎಂದರು ಕಮಲಾಕ್ಷ. "ನೀವು ಈ ಬ್ಲಾಕಿನಲ್ಲಿ ಖೋಟಾ ಅಚ್ಚು ಹಾಕಿದಿರಿ. ಆದರೆ ಬಾವನ ಹೆಸರಿನಲ್ಲಿ ಕಳಿಸಲು ಹೆದರಿದಿರಿ. ಈಕೆಯ ಕಟ್ಟುಗಳನ್ನೆಲ್ಲ ಬಿಚ್ಚಿ ಅರವತ್ತನ್ನು ಅವನದಕ್ಕೆ ಹಾಕಿದಿರಿ. ಖೋಟಾ ಈಕೆಯದಕ್ಕೆ ಸೇರಿಸಿದಿರಿ. ಸಿಕ್ಕಿಬಿದ್ದರೆ ತಪ್ಪು ಹೊರಿಸಲು ಈಕೆಯ ತಮ್ಮ ಪ್ರೆಸ್ಸಿನಲ್ಲಿದ್ದಾನಲ್ಲ, ಅಲ್ಲವೇ?"

"ಇವಳೇನು ಸಾಚಾ?" ಚಿನ್ನಯ್ಯ ಕಿರುಚಿದ. "ಒಂದು ಪ್ಯಾಕೆಟ್ ಚಾಪುಡಿ ತೆಗೊಂಡವಳಲ್ಲ! ಮನೆಮನೆಯಿಂದ ಕೇಳಿ ಒಟ್ಟು ಮಾಡಿದ್ದು!"

ಕಮಲಾಕ್ಷರು ಕೂಪನ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದರು. "'ಕೂಪನ್ ಮಾರುವಂತಿಲ್ಲ, ಕೊಳ್ಳುವಂತಿಲ್ಲ.' ಕೇಳಿ ಪಡೆಯಬಾರದು ಎಂದು ಎಲ್ಲಿಯೂ ಇಲ್ಲ. ನಡೆಯಿರಿ ಠಾಣೆಗೆ."

ಹುಕ್ರಪ್ಪ ಚಿನ್ನಯ್ಯನನ್ನು ಜೀಪಿಗೆ ಹತ್ತಿಸಿದ. ಸೈನಬ ಮಾತ್ರ ಕೂತಲ್ಲಿಂದ ಏಳಲಿಲ್ಲ.

"ಸಾರ್, ನಾನು ರವಕೆ ಹೊಲಿದುಕೊಟ್ಟದ್ದಕ್ಕೆ ನೆರೆಮನೆಯ ಅಮ್ಮಣ್ಣಿ ಅಕ್ಕ ದುಡ್ಡಿನ ಬದಲು ಹನ್ನೆರಡು ಕೂಪನ್ ಕೊಟ್ಟಿದ್ರು. ಅದು ಕೊಂಡ ಹಾಗೆ ಅಲ್ವಾ?"

ಕಮಲಾಕ್ಷರು ಕೂಪನಿನ ಹಿಂದಿನ ಅಕ್ಷರ ಮತ್ತೊಮ್ಮೆ ಓದಿದರು. ಅಲ್ಲ ಎಂದರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಹಾಗೆಂದು ಸುಳ್ಳು ಹೇಳಲು ಅವರಿಗೆ ನಾಲಿಗೆ ಏಳಲಿಲ್ಲ.

"ಹೌದಮ್ಮ. ಕೊಂಡ ಹಾಗೆಯೇ."

"ಹಾಗಾದರೆ ಆ ಹನ್ನೆರಡನ್ನು ತೆಗೆದುಬಿಡಿ." ಅವಳು ಸೆರಗು ಸರಿಮಾಡಿಕೊಂಡು ಎದ್ದಳು. "ಚಿನ್ನಯ್ಯನ ಹಾಗೆ ಮೋಸದಲ್ಲಿ ಯಂತ್ರ ತರುವುದು ನನಗೆ ಬೇಡ. ಫರಂಗಿಪೇಟೆಯಲ್ಲಿ ಚಾ ಕುಡಿಯುವ ಮನೆ ಇನ್ನೂ ಬೇಕಾದಷ್ಟು ಉಂಟು ಸಾರ್. ಇವತ್ತಿನಿಂದಲೇ ಕೇಳ್ತೇನೆ."