ಬೆಳಗಾದರೆ ಸಾಯುವ ಬ್ಯಾಟರಿ

"ಟೀಚರ್, ಇವತ್ತೂ ಸ್ಟಾರ್ಟ್ ಆಗ್ಲಿಲ್ಲ! ಹೊಸಾ ಬ್ಯಾಟರಿ ಟೀಚರ್, ಮೊನ್ನೆ ಮೊನ್ನೆ ಹಾಕ್ಸಿದ್ದು!"

ಹೀಗೆ ಕೂಗುತ್ತಲೇ ಮೆಟ್ಟಿಲೇರಿ ಬಂದವನು ಎದುರು ಮನೆಯ ಬ್ಯಾಂಕಿನವನು. ನಿವೃತ್ತ ವಿಜ್ಞಾನದ ಟೀಚರ್ ಪತ್ರಿಕೆ ಮಡಚಿಟ್ಟರು. ಕೆಳಗಿನ ಅಂಗಡಿಯ ಟೈಲರ್ ಅಲ್ಲೇ ಕೂತು ಹರಟುತ್ತಿದ್ದವನು ಕಿವಿ ನಿಮಿರಿಸಿದ. ಬೀದಿಯಲ್ಲಿ ಯಾರದು ಏನೇ ಕಳೆದರೂ ಟೀಚರ ಬಳಿಗೇ ಬರುತ್ತಿದ್ದರು, ಟೀಚರ್ ಎಲ್ಲಿ ಹೋದರೂ ಟೈಲರ್ ಬಾಲದ ಹಾಗೆ ಹಿಂದೆ. "ಸಿಐಡಿ ಟೀಚರ್, ಅಸಿಸ್ಟೆಂಟ್ ಟೈಲರ್" ಎಂದು ಜನ ಆಡಿಕೊಂಡರೆ ಅವನಿಗೆ ಒಳಗೊಳಗೇ ಹಿಗ್ಗು.

"ಅಮ್ಮನ ಡಯಾಲಿಸಿಸ್ ಇರೋ ದಿನವೇ ಹೀಗಾಗುತ್ತೆ," ಎಂದ ಬ್ಯಾಂಕಿನವನು. "ಆಟೋ ಹಿಡಿದು ಹೋಗೋ ಅಷ್ಟರಲ್ಲಿ ಮಷೀನು ಬೇರೆಯವರಿಗೆ ಕೊಟ್ಬಿಟ್ಟಿದ್ರು. ಕೈಕಾಲು ಹಿಡಿದು ನಾಳೆಗೆ ಹಾಕಿಸ್ಕೊಂಡು ಬಂದೆ. ಅದೂ ತಪ್ಪಿದ್ರೆ ಅಮ್ಮ ಉಳಿಯಲ್ಲ ಅಂದ್ರು ಡಾಕ್ಟ್ರು. ಎಲ್ಲಾ ನಮ್ಮ ಕಾರಿನ ಡ್ರೈವರ್ ಕೆಲಸ. ನೀವು ಹೂಂ ಅನ್ನಿ, ಪೊಲೀಸಿಗೆ ಹಿಡಿದುಕೊಡ್ತೀನಿ."

ಟೀಚರ್ ಕರೆಂಟ್ ಅಳೆಯುವ ತಮ್ಮ ಮೀಟರ್ ಎತ್ತಿಕೊಂಡು ಹೊರಟರು.

ಕಾರು ಬ್ಯಾಂಕಿನವನ ಅಪ್ಪ ಟ್ಯಾಕ್ಸಿ ಓಡಿಸುತ್ತಿದ್ದ ಕಾಲದ್ದು. ಅಡುಗೆಮನೆಗೆ ಅಂಟಿದ ಶೆಡ್ಡಿನಲ್ಲಿ ಗೋಡೆಗೆ ಮೂತಿ ಮಾಡಿ ನಿಂತಿತ್ತು. ಅದರ ಬಟ್ಟೆಯ ಹೊದಿಕೆ ಹೊಲಿದವನು ನಮ್ಮ ಟೈಲರೇ. ಮೂಲೆಯಲ್ಲಿ ಮಡಚಿಟ್ಟಿದ್ದ ಅದನ್ನು ಬಿಡಿಸಿದವನ ಮುಖ ಸಪ್ಪಗಾಯಿತು. ಮುಂಭಾಗದಲ್ಲಿ ತಟ್ಟೆಯಗಲದ ಎರಡು ಹಳದಿ ಕಲೆ! ಬಟ್ಟೆ ಕಳಪೆ ಎಂದು ಮರ್ಯಾದೆ ಹೋಗುವುದಲ್ಲಾ ಎಂದು ಬೇಗ ಬೇಗ ಮತ್ತೆ ಮಡಚಿದ.

"ಮುಚ್ಚಿಡ್ಬೇಡಿ ಟೈಲರ್ರೇ, ನಾನೂ ನೋಡ್ದೆ," ಎಂದರು ಟೀಚರ್.

"ಬಟ್ಟೆ ಗಟ್ಟಿಯಾಗೇ ಇತ್ತು ಟೀಚರ್, ನನ್ನಾಣೆ! ಈ ಲಾಡಿ ನೋಡಿ, ಇದನ್ನೂ ಯಾರೋ ಕಚ್ಚಿ ಹಾಳು ಮಾಡಿದಾರೆ."

ಹೊದಿಕೆಯಲ್ಲಿ ಕಾರಿನ ಬಾಗಿಲ ಪಕ್ಕಕ್ಕೆ ಬರುವ ಲಾಡಿಯ ತುದಿ ಜಜ್ಜಿಹೋಗಿತ್ತು. ದಾರ ಕಚ್ಚಿ ಕಚ್ಚಿಯೇ ಬದುಕಿದ ಟೈಲರಿಗೆ ಹಲ್ಲಿನ ಗುರುತು ತಿಳಿಯದೆ?

"ಸಂಜೆ ನಾನು ಬಿಗಿಯಾಗಿ ಕಟ್ಟಿದ್ದೆ," ಎಂದ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಡ್ರೈವರ್, ಅಳುವ ದನಿಯಲ್ಲಿ. "ಬೆಳಿಗ್ಗೆ ಸಡಿಲವಾಗಿತ್ತು. ಕೀ ದಿನಾ ಮನೆಯ ಅಕ್ಕಾವ್ರ ಕೈಗೇ ಕೊಟ್ಟು ಹೋಗ್ತೀನಿ."

ಟೀಚರ್ ಕೀ ತಿರುಗಿಸಿದರು. ಟಕ್ ಟಕ್ ಟಕ್. ಹಾಕಿದ ಹೆಡ್‌ಲೈಟು ಮಂಕಾಗಿ ಆರಿಯೇ ಹೋಯಿತು. ಪಕ್ಕದ ಮನೆಯ ಕಾರು ತರಿಸಿ ಅದರ ಬ್ಯಾಟರಿಯಿಂದ ವೈರು ಕೊಟ್ಟ ಕೂಡಲೇ ಎಂಜಿನ್ ಗುರ್ ಎಂದಿತು. ಅದು ಓಡುತ್ತಿರುವಾಗೊಮ್ಮೆ, ಆರಿಸಿ ಮತ್ತೊಮ್ಮೆ ಮೀಟರ್ ಇಟ್ಟು ನೋಡಿದರು. ಆಮೇಲೆ ಬ್ಯಾಟರಿಯನ್ನು ಅಂಗಡಿಯಲ್ಲಿ ಚಾರ್ಜಿಗಿಟ್ಟು, ಪರೀಕ್ಷೆ ಮಾಡಿಸಿ ತರಲು ಹೇಳಿದರು. ಒಳಗೆ ಹೋಗಿ ಆ ತಾಯಿಯ ಪಕ್ಕ ಕೂತು ಆರೋಗ್ಯ ವಿಚಾರಿಸಿ ಬಂದರು. ಬಂದಾಗ ಅವರ ಮುಖ ನೋಡಿ ಟೈಲರಿಗೆ ಯಾಕೋ ಭಯವಾಯಿತು.

ಸಂಜೆ ಎಲ್ಲರೂ ಹಾಲಿನಲ್ಲಿ ಸೇರಿದರು. ಬ್ಯಾಂಕಿನವನು, ಅವನ ಹೆಂಡತಿ, ಬಾಗಿಲ ಬಳಿ ಡ್ರೈವರ್, ಮಂಚದ ಮೇಲೆ ದಿಂಬಿಗೊರಗಿ ತಾಯಿ. ಅವರ ಕಾಲು ಊದಿಕೊಂಡಿತ್ತು, ಉಸಿರಿಗೆ ಸದ್ದಿತ್ತು.

"ಲೈಟು ಮಂಕಾಯ್ತು ಅಂದ್ರೆ ಬ್ಯಾಟರೀಲಿ ಕರೆಂಟಿಲ್ಲ," ಎಂದು ಟೀಚರ್ ಶುರುಮಾಡಿದರು. "ಬೇರೆ ಕಾರಿಂದ ವೈರು ಕೊಟ್ರೆ ಸ್ಟಾರ್ಟ್ ಆಯ್ತು, ಎಂಜಿನ್ ತಿರುಗಿಸೋ ಸೆಲ್ಫ್ ಮೋಟಾರ್ ಸರಿಯಿದೆ. ಎಂಜಿನ್ ಓಡ್ವಾಗ ಚಾರ್ಜ್ ಆಗುತ್ತೆ. ಆರಿಸಿದ್ಮೇಲೆ ಎಲ್ಲೂ ಕರೆಂಟ್ ಸೋರಲ್ಲ. ಬ್ಯಾಟರಿ ಹೊಸದೇ, ಅಂಗಡಿಯವ್ರೂ ಚೆನ್ನಾಗಿದೆ ಅಂದ್ರು. ಅಂದ್ಮೇಲೆ ಯಾರೋ ಬೇಕೂಂತ ಖಾಲಿ ಮಾಡಿದಾರೆ."

"ನಾನು ಹೇಳ್ಲಿಲ್ವಾ!" ಬ್ಯಾಂಕಿನವನು ಡ್ರೈವರ್ ಕಡೆ ನುಗ್ಗಿದ.

"ಕೂತ್ಕೋಪ್ಪ. ಹೊದಿಕೆ ಮೇಲಿನ ಕಲೆ ಹೆಡ್‌ಲೈಟಿನ ಬಿಸಿಗೆ ಬಟ್ಟೆ ಕಂದಿದ್ದು. ರಾತ್ರಿಯೆಲ್ಲ ಉರಿದಿದೆ, ಶೆಡ್ ಮುಚ್ಚಿದ್ರಿಂದ ಯಾರಿಗೂ ಕಂಡಿಲ್ಲ. ಬೆಳಿಗ್ಗೆ ಡ್ರೈವರ್ ಬರೋಕೆ ಮುಂಚೆ ಅದೇ ಕೈ ಸ್ವಿಚ್ ಆರಿಸಿದೆ. ರಾತ್ರಿ ಶೆಡ್ಡಿಗೆ ಒಳಗಿಂದ ಚಿಲಕ, ದಾರಿ ಅಡುಗೆಮನೆಯಿಂದ ಮಾತ್ರ. ಡ್ರೈವರ್ ಒಳಗೆ ಬರೋ ಹಾಗೇ ಇಲ್ಲ."

ಹಾಗಾದರೆ ಮನೆಯವರೇ! ಬ್ಯಾಂಕಿನವನು ಮೆಲ್ಲಗೆ ಹೆಂಡತಿಯ ಕಡೆ ತಿರುಗಿದ.

"ನೀನಾ? ಅಮ್ಮನ ಸೇವೆ ಮಾಡಿ ಸಾಕಾಯ್ತಾ ನಿಂಗೆ?"

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯತ್ತ ಸರಿದಳು.

"ಅವಳಿಗೆ ಎರಡೂ ಕೈ ನೆಟ್ಟಗಿವೆ," ಎಂದರು ಟೀಚರ್ ಗಟ್ಟಿಯಾಗಿ. "ಲಾಡಿ ಬಿಚ್ಚಿ ಮತ್ತೆ ಕಟ್ಟಿದವರಿಗೆ ಒಂದೇ ಕೈ. ಇನ್ನೊಂದರ ಬದಲು ಹಲ್ಲು..." ಅವರು ಅಲ್ಲಿಗೇ ನಿಲ್ಲಿಸಿದರು. ಡಯಾಲಿಸಿಸ್ ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ, ಬಲ ಹಾಕಬಾರದೆಂದು ದಿಂಬಿನ ಮೇಲಿಟ್ಟ ತಾಯಿಯ ಎಡಗೈಯತ್ತ ಎಲ್ಲರ ಕಣ್ಣೂ ಹೋಯಿತು.

"ಪಾಪ, ಅವಳನ್ನ್ಯಾಕೆ ಬೈತೀಯೋ," ಎಂದರು ತಾಯಿ. "ನಾನೇ ರಾತ್ರಿ ಗೋಡೆ ಹಿಡ್ಕೊಂಡು ಹೋಗಿ ಲೈಟ್ ಹಾಕಿದ್ದು. ಲೈಟ್ ಆರಿಸೋದು ಮರೆತ್ರೆ ಬೆಳಿಗ್ಗೆ ಗಾಡಿ ಏಳಲ್ಲ ಅಂತ ನಿಮ್ಮಪ್ಪ ಯಾವಾಗ್ಲೂ ಹೇಳ್ತಿದ್ರು. ಇನ್ನೊಂದು ಕೀ ನನ್ನ ಹತ್ರಾನೇ ಇದೆ."

"ಯಾಕಮ್ಮಾ?"

"ಸಾಕಪ್ಪಾ, ನನ್ನ ಬಿಟ್ಬಿಡು ಅಂತ ಎಷ್ಟು ಸಲ ಕೇಳ್ಕೊಂಡೆ. ನೀನು ಹೋಗಿ ಹೊಸ ಬ್ಯಾಟರಿ ತಂದೆ."

ಮಗ ಮಂಚದ ಕಾಲು ಹಿಡಿದು ಹೋ ಎಂದು ಅತ್ತ. ಸೊಸೆಯೂ ಅತ್ತಳು. ಟೈಲರ್ ಅಲ್ಲಿ ನಿಲ್ಲಲಾಗದೆ ಹೊರಗೆ ಬಂದು ಕಣ್ಣೊರೆಸಿಕೊಂಡ. ಅವನು ಮತ್ತೆ ಒಳಗೆ ಬಂದಾಗ ಮಗ ತಾಯಿಯ ದಿಂಬಿನಡಿಯಿಂದ ಕೀ ತೆಗೆದು ತನ್ನ ಜೇಬಿಗೆ ಹಾಕಿಕೊಳ್ಳುತ್ತಿದ್ದ. ತಾಯಿ ಕೊಸರಾಡಲಿಲ್ಲ, ಗೋಡೆಯ ಕಡೆ ಹೊರಳಿಕೊಂಡರು.

"ಹೇಳ್ಬಾರ್ದಿತ್ತಾ ಟೈಲರ್ರೇ?" ಎಂದು ದಾರಿಯಲ್ಲಿ ಟೀಚರ್ ಕೇಳಿದರು. ಅಷ್ಟು ವರ್ಷದ ಒಡನಾಟದಲ್ಲಿ ಅವರು ಅವನನ್ನು ಹೀಗೆ ಕೇಳಿದ್ದು ಅದೇ ಮೊದಲು.

"ಹೇಳದಿದ್ರೆ ಡ್ರೈವರ್ ಜೈಲಿಗೆ ಹೋಗ್ತಿದ್ದ," ಎಂದ ಟೈಲರ್.

ಮರುದಿನ ಬೆಳಿಗ್ಗೆ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಮಗ, ಸೊಸೆ, ಡ್ರೈವರ್ ಮೂವರೂ ಸೇರಿ ಆ ತಾಯಿಯನ್ನು ಎತ್ತಿ ಹಿಂದಿನ ಸೀಟಿನಲ್ಲಿ ಕೂರಿಸಿ ಬಾಗಿಲು ಹಾಕಿದರು.