ನಾಲ್ಕನೆಯ ಮೂಲೆಯ ತುತ್ತು

"ಮೂರು ಮೂಲಿ ನಾನ ಮುಚ್ಚೀನಿ. ಒಂದು ನಿನಗ ಬಿಟ್ಟೀನಿ. ಮುಚ್ಚೂದಕ್ಕ ಮೊದಲ ಒಳಗ ಒಂದು ತುತ್ತು ರೊಟ್ಟಿ ಇಡು. ಹೊಟ್ಟಿ ಖಾಲಿ ಇಟ್ಟು ಕೌದಿ ಮುಚ್ಚಬಾರದು, ಈ ಮನ್ಯಾಗ ಅಂತೂ ಬ್ಯಾಡ."

ಮಖ್ತಲಿನಲ್ಲಿ ಹಾಸಿಗೆ ಹಿಡಿದಿದ್ದ ತಂಗಿಯನ್ನು ನೋಡಲು ಹೊರಟಿದ್ದ ವೀರಬಸಮ್ಮ ಹೊಸ್ತಿಲಲ್ಲಿ ನಿಂತು ಸೊಸೆಗೆ ಹೀಗೆ ಹೇಳಿದಳು. ಕಾವ್ಯಳಿಗೆ ನಗು ತಡೆಯಲಾಗಲಿಲ್ಲ.

"ಬರೀ ರೊಟ್ಟಿ ಸಾಕೇನ್ರೀ ಅತ್ತಿ, ಪಲ್ಯ ಬ್ಯಾಡೇನು?"

"ನಗಬ್ಯಾಡವ್ವ. ಕೂಸಿಗೆ ಹೊಚ್ಚೂ ವಸ್ತು ಅದು."

ಕಾವ್ಯ ಹೈದರಾಬಾದಿನಲ್ಲಿ ಬಟ್ಟೆಯ ವಿದ್ಯೆಯನ್ನೇ ಓದಿ ನಾರಾಯಣಪೇಟೆಗೆ ಸೊಸೆಯಾಗಿ ಬಂದವಳು. ಆ ಸೀರೆ ವ್ಯಾಪಾರದ ಮನೆಯಲ್ಲಿ ಚಿಂದಿಯನ್ನು ಯಾರೂ ಹೊರಗೆ ಎಸೆಯುತ್ತಿರಲಿಲ್ಲ. ಸೀರೆಯ ಕತ್ತರಿಸಿದ ಅಂಚು, ಕುಪ್ಪಸ ಹೊಲಿದು ಮಿಕ್ಕ ತುಂಡು ಎಲ್ಲವೂ ವೀರಬಸಮ್ಮನ ಗಂಟು ಸೇರಿ ಕೌದಿಯಾಗುತ್ತಿದ್ದವು. ಅತ್ತೆಯ ಕೈಕೆಲಸದ ಮೇಲೆ ಸೊಸೆಗೆ ಗೌರವವಿತ್ತು. ಆದರೆ ಹಾಲು ಕುಡಿಯುವ ಮಗುವಿನ ಹೊದಿಕೆಯೊಳಗೆ ಜೋಳದ ರೊಟ್ಟಿ ಇಟ್ಟು ಹೊಲಿದು ಇರುವೆ, ಇಲಿಗಳನ್ನು ಕರೆಯುವಷ್ಟು ಅಲ್ಲ. ಅವಳು ಅತ್ತೆ ತೆಗೆದಿಟ್ಟಿದ್ದ ತುತ್ತನ್ನು ಹಿತ್ತಲಿನ ನಾಯಿಗೆ ಎಸೆದು, ನಾಲ್ಕನೆಯ ಮೂಲೆಯನ್ನು ಮಷಿನ್ನಿಗೆ ಕೊಟ್ಟು ಕಟಕಟನೆ ಮುಚ್ಚಿಬಿಟ್ಟಳು. ನಾಯಿ ರೊಟ್ಟಿಯನ್ನು ಮೂಸಿ, ಬಾಲ ಮುದುರಿ ಗೋಡೆಯ ಕಡೆಗೆ ಸರಿಯಿತು. ರೊಟ್ಟಿ ಹಳಸಿರಬೇಕು ಎಂದುಕೊಂಡಳು ಕಾವ್ಯ.

ಚಳಿ ಜೋರಾಗಿತ್ತು. ಅಂದೇ ಮಗ ಶರಣುವಿಗೆ ಕೌದಿ ಹೊದಿಸಿದಳು. ಮಗು ಮಿಸುಕಾಡದೆ ಮಲಗಿದಾಗ ತನ್ನ ಜಾಣತನವನ್ನು ತಾನೇ ಮೆಚ್ಚಿಕೊಂಡಳು.

ಮೊದಲು ಬಂದದ್ದು ವಾಸನೆ. ಎದೆಹಾಲು ಹುಳಿತಂಥ ವಾಸನೆ. ಮಗು ಕಕ್ಕಿರಬೇಕೆಂದು ಕೌದಿಯನ್ನು ಒಗೆದು ಬಿಸಿಲಿಗೆ ಹಾಕಿದಳು. ಸಂಜೆ ತೆಗೆಯಲು ಹೋದರೆ ಅದು ಒಣಗಿತ್ತು, ಆದರೂ ಎರಡು ಕೈಯಲ್ಲಿ ಎತ್ತಬೇಕಾಯಿತು. ವಾಸನೆ ಹಾಗೆಯೇ ಇತ್ತು. ಶರಣು ಮಾತ್ರ ದಿನದಿನಕ್ಕೆ ಹಗುರಾಗತೊಡಗಿದ್ದ. ಕುಡಿಯುವುದಕ್ಕೇನೂ ಕಡಿಮೆಯಿರಲಿಲ್ಲ. ಕುಡಿದದ್ದು ಎಲ್ಲಿಗೆ ಹೋಗುತ್ತಿತ್ತೋ, ಪಕ್ಕೆಲುಬು ಕಾಣಿಸಿಕೊಂಡವು, ಅಳು ಬೆಕ್ಕಿನ ಮರಿಯ ದನಿಯಷ್ಟಾಯಿತು. ಡಾಕ್ಟರು ರಕ್ತ ನೋಡಿದರು, ಎದೆ ನೋಡಿದರು, ಏನೂ ಇಲ್ಲ ಎಂದರು. "ಹವಾ ಬದಲಾಗೈತಿ, ಅಷ್ಟ," ಎಂದು ಗಂಡ ಗುರುಪ್ರಸಾದ ಸಮಾಧಾನ ಮಾಡಿದ. ಕಾವ್ಯ ಕೌದಿಯನ್ನು ಮಡಚಿ ಟ್ರಂಕಿಗೆ ಹಾಕಿ ಬೀಗ ಜಡಿದಳು. ಆದರೂ ಮಗು ಸೊರಗುವುದು ನಿಲ್ಲಲಿಲ್ಲ. ಟ್ರಂಕಿನೊಳಗಿಂದ ಚಪ್ಪರಿಸುವ ಸದ್ದು ಕೇಳತೊಡಗಿತು. ಮಗುವಿನ ಬಾಯಿ ಎದೆಗೆ ಹತ್ತಿದಾಗ ಆಗುವಂಥದೇ ಸದ್ದು.

ಊರಿಂದ ಮರಳಿದ ವೀರಬಸಮ್ಮ ಮೊಮ್ಮಗನನ್ನು ಎತ್ತಿಕೊಂಡವಳೇ ಸೊಸೆಯ ಮುಖ ನೋಡಿದಳು.

"ತುತ್ತು ಇಡಲಿಲ್ಲ ನೀನು."

ನಾಯಿಗೆ ಎಸೆದೆನೆಂದು ಕಾವ್ಯ ಒಪ್ಪಿಕೊಂಡಳು.

ಮಗ್ಗ ಕಿತ್ತುಹಾಕಿದ ಹಿಂಬದಿಯ ಕತ್ತಲೆ ಕೋಣೆಯಲ್ಲಿ ಕುಳಿತು ಅತ್ತೆ ಹೇಳಿದಳು. ತನ್ನ ಅತ್ತೆಯ ಕಾಲದಲ್ಲಿ ಕೆ.ಟಿ. ದೊಡ್ಡಿ ಎಂಬ ಊರಿನ ಕಡೆಯಿಂದ ಮೊಗುಲಮ್ಮ ಎಂಬಾಕೆ ಹಸುಗೂಸು ಕಟ್ಟಿಕೊಂಡು ಕೌದಿ ಹೊಲಿಯಲು ಬಂದಿದ್ದಳು. ಮನೆಯವರೆಲ್ಲ ಉಂಡರು. ಅವಳಿಗೆ ಮಾತ್ರ, ಕೆಲಸ ಮುಗಿಯಲಿ, ಆಮೇಲೆ ಎಂದರು. ಹಸಿದ ಮೈಯಲ್ಲಿ ಹಾಲು ಬತ್ತಿತು. ಕೂಸು ಇದೇ ಕೋಣೆಯಲ್ಲಿ ಸತ್ತಿತು.

"ಆಕಿ ಅಳಲಿಲ್ಲಂತ. ಆಕಿಗೆ ಮಾಟ ಗೊತ್ತಿತ್ತು. ತನ್ನ ಕೂದಲಾ ಕಡಕೊಂಡು ಕೊನೀ ಮೂಲ್ಯಾಗ ಇಟ್ಟು, ಮಂತ್ರ ಹಾಕಿ ಹೊಲಿದ್ಲು. 'ಈ ಮನಿ ಚಿಂದಿ ಎಲ್ಲೆಲ್ಲಿ ಕೂಡ್ತಾವೋ ಅಲ್ಲೆಲ್ಲ ನನ್ನ ಹಸಿವು ಇರ್ಲಿ' ಅಂದ್ಲಂತ. ಅವತ್ತಿಂದ ತುತ್ತು ಇಟ್ಟ ಮುಚ್ಚತೀವಿ."

"ಈಗ ಬಿಚ್ಚಿ ಇಡೋಣ್ರಿ ಅತ್ತಿ."

ಟ್ರಂಕು ತೆರೆದಾಗ ಹುಳಿ ಹಾಲಿನ ವಾಸನೆ ಮುಖಕ್ಕೆ ಹೊಡೆಯಿತು. ಇಬ್ಬರೂ ಸೇರಿ ಕೌದಿಯನ್ನು ಎಳೆದರು. ಕಾವ್ಯ ಕತ್ತರಿ ಹಿಡಿದಳು. ಒಂದು ಹೊಲಿಗೆ ಕತ್ತರಿಸಿದಳು. ತೊಟ್ಟಿಲಲ್ಲಿ ಶರಣು ಚೀರಿದ. ಇನ್ನೊಂದು ಕತ್ತರಿಸಿದಳು. ಮತ್ತೆ ಚೀರಿದ. ಓಡಿಹೋಗಿ ನೋಡಿದಳು. ಮಗುವಿನ ಹೊಟ್ಟೆಯ ಮೇಲೆ ಕೆಂಪು ಗೆರೆ. ಪಕ್ಕದಲ್ಲಿ ಇನ್ನೊಂದು. ಮಷಿನ್ ಹೊಲಿಗೆಯಷ್ಟೇ ಸಣ್ಣವು. ರಕ್ತ ಜಿನುಗುತ್ತಿತ್ತು.

ಕತ್ತರಿ ಕೈಯಿಂದ ಬಿತ್ತು. ಇಷ್ಟು ಅಸಹಾಯಕಳಾಗಿ ಅವಳು ಹುಟ್ಟಿದಾಗಿನಿಂದ ನಿಂತಿರಲಿಲ್ಲ.

"ಇನ್ನ ಅದಕ್ಕ ರೊಟ್ಟಿ ಬ್ಯಾಡ," ಎಂದಳು ವೀರಬಸಮ್ಮ. "ಮೈಯ ರುಚಿ ಹತ್ತೈತಿ. ಒಂದು ಮೈ ಬಿಡಸಬೇಕಂದ್ರ ಇನ್ನೊಂದು ಮೈ ಕೊಡಬೇಕು."

ಆಕೆ ಸೆರಗು ಸರಿಪಡಿಸಿಕೊಂಡಳು. ಹಣೆಗೆ ವಿಭೂತಿ ಹಚ್ಚಿಕೊಂಡಳು. ಆ ಕೋಣೆಯ ಚಾಪೆಯ ಮೇಲೆ ಮಲಗಿ ಕೌದಿಯನ್ನು ಎದೆಯವರೆಗೆ ಎಳೆದುಕೊಂಡಳು. ಬೇಡ ಅನ್ನಬೇಕಿತ್ತು ಕಾವ್ಯ. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಮಗುವಿನ ಅಳು ಕೇಳುತ್ತಿತ್ತು, ಅವಳು ಹೇಳಲಿಲ್ಲ.

"ಬಾಗಲಾ ಹಾಕ್ಕೊಂಡು ಹೋಗವ್ವ," ಎಂದಳು ಅತ್ತೆ.

ಕಾವ್ಯ ಬಾಗಿಲು ಎಳೆದಳು. ಒಳಗೆ ಚಪ್ಪರಿಸುವ ಸದ್ದು. ಮೆಲ್ಲಗೆ. ಆಮೇಲೆ ಜೋರಾಗಿ. ಕಿವಿ ಮುಚ್ಚಿಕೊಂಡರೂ ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು.

ವೀರಬಸಮ್ಮನಿಗೆ ವಯಸ್ಸಾಗಿತ್ತು, ಹೃದಯ ನಿಂತಿದೆ ಎಂದರು ಎಲ್ಲರೂ. ಹೊತ್ತೊಯ್ದವರು ಮಾತ್ರ, ಆಯಿ ಏನು ಇಷ್ಟು ಹಗುರ, ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಕೌದಿ ಮತ್ತೆ ಟ್ರಂಕು ಸೇರಿತು. ಶರಣುವಿನ ಮೈ ತುಂಬಿಕೊಂಡಿತು. ಕೆನ್ನೆಗೆ ಬಣ್ಣ ಬಂತು. ಕಾವ್ಯ ಅತ್ತೆಯನ್ನು ನೆನೆದು ಅತ್ತಳು, ಮಗ ನಕ್ಕಾಗ ತಾನೂ ನಕ್ಕಳು. ಎರಡಕ್ಕೂ ನಾಚಿಕೆಪಟ್ಟಳು.

ಚಳಿಗಾಲ ಮುಗಿಯುವ ಮೊದಲೇ ಆ ವಾಸನೆ ಮತ್ತೆ ಬಂತು. ಟ್ರಂಕು ತೆರೆದು ಕೌದಿ ಎತ್ತಿದಳು. ಒಂದೇ ಕೈಗೆ ಬಂತು. ಹತ್ತಿಯಷ್ಟು ಹಗುರ, ತಿಂದದ್ದೆಲ್ಲ ಕರಗಿ ಮತ್ತೆ ಹಸಿದ ಹೊಟ್ಟೆಯಂತೆ. ಓಡಿಹೋಗಿ ಮಗುವನ್ನು ಎತ್ತಿದಳು. ಅವನೂ ನಿನ್ನೆಗಿಂತ ಹಗುರಾಗಿದ್ದ.

ತಾನೇ ಹೊದ್ದುಕೊಳ್ಳೋಣವೆಂದು ಕೌದಿಯನ್ನು ತೊಡೆಯ ಮೇಲೆ ಹರಡಿ ಕುಳಿತಳು. ತಾನು ಹೋದರೆ ಈ ಮಗುವಿಗೆ ಹಾಲು ಯಾರು ಕೊಡುತ್ತಾರೆ? ಆಮೇಲೆ ಈ ಕೌದಿಯ ಹೊಟ್ಟೆಯನ್ನು ಯಾರು ನೋಡಿಕೊಳ್ಳುತ್ತಾರೆ? ತೆಗೆದು ಪಕ್ಕಕ್ಕಿಟ್ಟಳು.

ಅಷ್ಟರಲ್ಲಿ ಗುರುಪ್ರಸಾದ ಅಂಗಡಿ ಮುಚ್ಚಿ ಮಧ್ಯಾಹ್ನವೇ ಮನೆಗೆ ಬಂದ. ಕಣ್ಣು ಕೆಂಪಾಗಿದ್ದವು, ಮೈ ನಡುಗುತ್ತಿತ್ತು. ಮಂಚದ ಮೇಲೆ ಮುದುರಿ ಮಲಗಿದ.

"ಜ್ವರ ಬಂದಾವು. ಚಳಿ ತಡ್ಯಾಕ ಆಗವಲ್ದು. ಏನರೆ ಹೊಚ್ಚು."

ಕಾವ್ಯ ನಿಂತೇ ಇದ್ದಳು. ಕಪಾಟಿನಲ್ಲಿ ಬೇರೆ ರಗ್ಗು ಇತ್ತು, ಅದು ಅವಳಿಗೆ ಗೊತ್ತಿತ್ತು. ಗಂಡನ ಮೇಲೆ ಅವಳಿಗೆ ಪ್ರೀತಿಯಿತ್ತು, ಅದೂ ಗೊತ್ತಿತ್ತು. ತೊಟ್ಟಿಲಲ್ಲಿ ಬೆಕ್ಕಿನ ಮರಿಯ ದನಿ ಶುರುವಾಗಿತ್ತು.

ಕೌದಿಯನ್ನು ತಂದು ಅವನ ಭುಜದವರೆಗೆ ಹೊದಿಸಿದಳು. ನಾಲ್ಕನೆಯ ಮೂಲೆಯನ್ನು ಅವನ ಗದ್ದದ ಕೆಳಗೆ ಒತ್ತಿದಳು.

"ಬೆಚ್ಚಗೈತಿ," ಎಂದ ಗುರುಪ್ರಸಾದ, ಕಣ್ಣು ಮುಚ್ಚುತ್ತ. "ಅವ್ವನ ವಾಸನಿ ಬರ್ತೈತಿ ಇದಕ."

ತೊಟ್ಟಿಲಲ್ಲಿ ಶರಣು ಹಾಲಿಗಾಗಿ ಅತ್ತ, ಈಗ ಬೆಕ್ಕಿನ ಮರಿಯಂತಲ್ಲ, ಗಟ್ಟಿಯಾಗಿ.