ಬೀಳುವುದನ್ನು ಕಲಿಸುವವಳು

"ನನಗೆ ಹೊಡೆಯೋದು ಕಲಿಸಬೇಡಿ ಮೇಡಂ. ಬೀಳೋದು ಕಲಿಸಿ, ಸಾಕು."

ಮ್ಯಾಟ್ ಒರೆಸುತ್ತಿದ್ದ ಬಟ್ಟೆಯನ್ನು ಕೈಯಲ್ಲೇ ಹಿಡಿದು ಅವಳು ತಲೆ ಎತ್ತಿದಳು. ಬಾಗಿಲಲ್ಲಿ ಒಬ್ಬ ನಿಂತಿದ್ದ. ನಲವತ್ತರ ಹತ್ತಿರದ ವಯಸ್ಸು, ಗ್ರೀಸ್ ಕಲೆಯ ನೀಲಿ ಅಂಗಿ, ಹೆಗಲಲ್ಲಿ ಟೂಲ್ ಬ್ಯಾಗ್. ನೆಲ ಅಲ್ಲಾಡುತ್ತಿದೆಯೇನೋ ಅನ್ನುವ ಹಾಗೆ ಒಂದು ಕೈ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿತ್ತು.

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡಳು. ಅಂಥವರು ಆಗಾಗ ಬರುತ್ತಿದ್ದರು. ಹೆಂಗಸೊಬ್ಬಳು ಗಂಡಸರನ್ನು ಎತ್ತಿ ಹಾಕ್ತಾಳಂತೆ ಅಂತ ಯಾರೋ ಹೇಳಿದ್ದು ಕೇಳಿ ಬಂದು, ಬಾಗಿಲಲ್ಲೇ ನಿಂತು, ಪಕ್ಕದವನನ್ನು ಮೊಣಕೈಯಲ್ಲಿ ತಿವಿದು ನಗುವವರು.

"ಬೀಳೋಕೆ ಫೀಸ್ ಯಾಕೆ ಕಟ್ತೀರಾ? ಹೊರಗೆ ಮೆಟ್ಟಿಲಿದೆ, ಪುಕ್ಕಟೆ," ಅಂದಳು.

ಅವನು ನಗಲಿಲ್ಲ. "ಮೆಟ್ಟಿಲಿಂದ ಅಲ್ಲ ಮೇಡಂ, ಲಿಫ್ಟ್ ಓಡಾಡೋ ಗುಂಡಿಗೆ ಬಿದ್ದಿದ್ದೀನಿ. ನಾನು ಲಿಫ್ಟ್ ರಿಪೇರಿ ಮಾಡೋನು. ಮೂಳೆ ಕೂಡ್ಕೊಳ್ತು. ಭಯ ಮಾತ್ರ ಹೋಗ್ಲಿಲ್ಲ. ಈಗ ಬಲ್ಬ್ ಬದಲಾಯಿಸೋಕೆ ಸ್ಟೂಲ್ ಹತ್ತಿದ್ರೂ ಬೆವರ್ತೀನಿ. ಬೀಳೋದು ಸರಿಯಾಗಿ ಗೊತ್ತಾದ್ರೆ ಹತ್ತೋಕೆ ಧೈರ್ಯ ಬರುತ್ತೇನೋ ಅಂತ..."

ತಾನಾಡಿದ ಮಾತು ಅವಳಿಗೆ ಬಾಯಲ್ಲೇ ಕಹಿಯಾಯಿತು.

"ಶೂ ಬಿಚ್ಚಿ ಒಳಗೆ ಬನ್ನಿ," ಅಂದಳು ಮೆಲ್ಲಗೆ. "ಇಲ್ಲಿ ಎಲ್ಲರೂ ನನ್ನನ್ನ ಅಕ್ಕ ಅಂತಾರೆ. ನೀವೂ ಹಾಗೇ ಕರೀಬಹುದು."

ಅವನು ಬಗ್ಗಿ ಲೇಸ್ ಬಿಚ್ಚುತ್ತಾ ಒಂದು ಗಳಿಗೆ ಯೋಚಿಸಿದ. ಆಮೇಲೆ ತಲೆ ಎತ್ತಿ ಅವಳನ್ನು ನೋಡಿದ.

"ಮೇಡಂ ಅಂತಾನೇ ಇರಲಿ," ಅಂದ.

ಆ ಜೂಡೋ ಶಾಲೆ ಅವಳ ಮಾವನದು. ಕೆಳಗೆ ಉದ್ದನೆಯ ಹಾಲ್, ಮೇಲೆ ಮನೆ. ಕಲಿಯಲು ಬರುವವರಿಗೆ ಮಾವ ದೊಡ್ಡ ಸರ್, ಮೈದುನ ಚಿಕ್ಕ ಸರ್. ಇಬ್ಬರ ನಡುವೆ ಇನ್ನೊಬ್ಬ ಸರ್ ಇದ್ದ, ಅವಳ ಗಂಡ. ಜ್ವರ ಅಂತ ಆಸ್ಪತ್ರೆಗೆ ಹೋದವನು ವಾಪಸ್ ಬರಲಿಲ್ಲ. ಅವನ ಸಂಜೆ ಬ್ಯಾಚನ್ನು ಹಾಗೇ ಬಿಡುವಂತಿರಲಿಲ್ಲ. ಮದುವೆಗೆ ಮುಂಚೆ ಅದೇ ಹಾಲ್‌ನಲ್ಲಿ, ಅವನ ಕೈಯಲ್ಲೇ ಕಲಿತವಳು ಅವಳು. ಕಣ್ಣೊರೆಸಿಕೊಂಡು, ಕಪ್ಪು ಬೆಲ್ಟ್ ಕಟ್ಟಿಕೊಂಡು ಕೆಳಗಿಳಿದಳು. ಅಲ್ಲಿಂದ ಮುಂದೆ ಆ ಮೆಟ್ಟಿಲು ಹತ್ತಿ ಇಳಿಯುವುದೇ ಬದುಕಾಯಿತು.

ಪ್ರತಿ ಕ್ಲಾಸ್ ಮುಗಿದ ಮೇಲೆ ಎಲ್ಲರನ್ನೂ ಸಾಲಾಗಿ ಕೂರಿಸಿ ಮಾವ ಮಾತಾಡುತ್ತಿದ್ದರು.

"ಎದುರಿಗೆ ನಿಂತಿರೋನು ತನ್ನ ಮೈನ ನಂಬಿ ನಿನ್ನ ಕೈಗೆ ಕೊಟ್ಟಿದಾನೆ. ಕೆಡವು, ಬೇಡ ಅನ್ನಲ್ಲ. ಆದ್ರೆ ಅವನು ನೆಲ ಮುಟ್ಟೋ ತನಕ ತೋಳು ಬಿಡಬೇಡ. ತೋಳು ಬಿಟ್ರೆ ಅದು ಬೀದಿ ಜಗಳ ಆಯ್ತು."

ಮೈದುನನ ತತ್ವ ಅಷ್ಟು ಉದ್ದ ಇರಲಿಲ್ಲ. ಗೆಲ್ಲಬೇಕು ಅನ್ನುತ್ತಿದ್ದ, ಅಷ್ಟೇ. ಊಟಕ್ಕೆ ಕೂತರೆ ಅಪ್ಪ ಮಗ ಇದೇ ವಾದ ಶುರು ಹಚ್ಚಿಕೊಳ್ಳುತ್ತಿದ್ದರು. ನಡುವೆ ಕೂತ ಅವಳು ನೀರಿನ ಜಗ್ಗನ್ನು ಒಮ್ಮೆ ಆಚೆ, ಒಮ್ಮೆ ಈಚೆ ಸರಿಸುತ್ತಿದ್ದಳು.

ಅಕ್ಕ, ಅತ್ತಿಗೆ, ಅಮ್ಮಾ. ಕರೆಯುವವರಿಗೇನೂ ಕೊರತೆ ಇರಲಿಲ್ಲ. ಮಾತಾಡಿಸುವವರು ಇರಲಿಲ್ಲ.

ದಿನವಿಡೀ ಯಾರಾದರೊಬ್ಬರು ಅವಳ ಕಾಲರ್ ಹಿಡಿಯುತ್ತಿದ್ದರು, ತೋಳು ಎಳೆಯುತ್ತಿದ್ದರು, ಬೆನ್ನ ಮೇಲೆ ಭಾರ ಹಾಕುತ್ತಿದ್ದರು. ಆದರೂ ಮಲಗುವ ಮುಂಚೆ ಜಡೆ ಬಿಚ್ಚಿಕೊಳ್ಳುವಾಗ, ತನ್ನನ್ನು ಯಾರಾದರೂ ಮುಟ್ಟಿ ಎಷ್ಟು ಕಾಲವಾಯಿತು ಅನ್ನಿಸುತ್ತಿತ್ತು.

ಲಿಫ್ಟ್ ಮೆಕ್ಯಾನಿಕ್ ಅವಳು ಕಂಡ ಶಿಷ್ಯರಲ್ಲೇ ಅತ್ಯಂತ ಬಿಗಿಯಾದ ಮನುಷ್ಯ. ಬೆನ್ನ ಮೇಲೆ ಉರುಳಿ ಅಂದರೆ ಮರದ ಹಲಗೆ ಬಿದ್ದ ಹಾಗೆ ಬೀಳುತ್ತಿದ್ದ. ಕಾಲೇಜು ಹುಡುಗ ಹುಡುಗಿಯರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದರು. ಅವನಿಗೆ ಅದರ ಬಗ್ಗೆ ಬೇಜಾರಿರಲಿಲ್ಲ.

"ಗಲ್ಲ ಎದೆಗೆ ಒತ್ತಿ. ತಲೆ ನೆಲಕ್ಕೆ ತಾಗಬಾರದು. ಬೆಲ್ಟ್ ಗಂಟನ್ನೇ ನೋಡ್ತಾ ಬೀಳಿ."

"ನೋಡ್ತಿದ್ದೀನಿ ಮೇಡಂ."

"ನಿಮ್ಮ ಬೆಲ್ಟು. ನನ್ನದಲ್ಲ."

ಹಾಲ್ ಪೂರ್ತಿ ಗೊಳ್ಳೆಂದಿತು. ಅವನ ಕಿವಿ ಕೆಂಪಗಾಯಿತು. ತನಗೂ ನಗು ಬಂದದ್ದು ಅವಳಿಗೆ ಆಶ್ಚರ್ಯ. ಮರೆತೇ ಹೋದ ಯಾವುದೋ ಡಬ್ಬಿಯ ಮುಚ್ಚಳ ತಾನಾಗಿ ತೆರೆದುಕೊಂಡ ಹಾಗಿತ್ತು.

ಕೆಲವು ವಾರ ಕಳೆದ ಮೇಲೆ ಅವನನ್ನು ಮೊದಲ ಸಲ ಎತ್ತಿ ಹಾಕಿದಳು. ಒಂದು ಕೈ ಅವನ ತೋಳಿನ ಬಟ್ಟೆಯಲ್ಲಿ, ಇನ್ನೊಂದು ಕೈ ಕಾಲರ್‌ನಲ್ಲಿ. ಅವನ ಉಸಿರು ಬಿಗಿದದ್ದು ಬೆರಳಿಗೇ ತಿಳಿಯುತ್ತಿತ್ತು.

"ಬಿಡಲ್ಲ," ಅಂದಳು, ಅವನಿಗೆ ಮಾತ್ರ ಕೇಳುವ ಹಾಗೆ.

ಅವನು ಕಣ್ಣು ಮುಚ್ಚಿಕೊಂಡ. ಮರುಕ್ಷಣ ಮ್ಯಾಟ್ ಮೇಲಿದ್ದ.

"ಆಯ್ತಾ?" ಕಣ್ಣು ತೆರೆಯದೆಯೇ ಕೇಳಿದ.

"ಆಯ್ತು."

"ಗೊತ್ತೇ ಆಗ್ಲಿಲ್ಲ." ಕಣ್ಣು ತೆರೆದು ನೋಡಿದ. ಅವನ ತೋಳು ಇನ್ನೂ ಅವಳ ಮುಷ್ಟಿಯಲ್ಲಿತ್ತು. "ಮೇಡಂ, ನೆಲ ಮುಟ್ಟಿ ಆಯ್ತು."

ಅವಳು ತಟ್ಟನೆ ಕೈ ಬಿಟ್ಟಳು. ಸಾಲಿನಲ್ಲಿದ್ದ ಮುಂದಿನವರನ್ನು ಕರೆದಾಗ ಧ್ವನಿ ಬೇಕಾದ್ದಕ್ಕಿಂತ ಜೋರಾಗಿತ್ತು.

ಆಮೇಲೆ ಕ್ಲಾಸ್ ಮುಗಿದ ಮೇಲೆ ಅವನ ಶೂ ಲೇಸ್ ಕಟ್ಟುವ ಕೆಲಸ ದಿನದಿಂದ ದಿನಕ್ಕೆ ನಿಧಾನವಾಗುತ್ತಾ ಹೋಯಿತು. ಅವಳ ಮ್ಯಾಟ್ ಒರೆಸುವ ಕೆಲಸವೂ ಅಷ್ಟೇ.

"ಲಿಫ್ಟ್‌ನಲ್ಲಿ ಒಬ್ಬರೇ ಇದ್ದಾಗ ಜನ ಏನು ಮಾಡ್ತಾರೆ ಗೊತ್ತಾ?" ಒಂದು ಸಂಜೆ ಕೇಳಿದ. "ಹಾಡ್ತಾರೆ. ಕನ್ನಡಿ ನೋಡ್ಕೊಂಡು ತಮ್ಮ ಜೊತೆ ತಾವೇ ಮಾತಾಡ್ತಾರೆ. ಪಕ್ಕದ ಲಿಫ್ಟ್ ಮೇಲೆ ಕೂತು ಕೆಲಸ ಮಾಡುವಾಗ ಎಲ್ಲಾ ಕೇಳಿಸ್ತಿತ್ತು. ಇನ್ನೊಬ್ಬರು ಹತ್ತಿದ ತಕ್ಷಣ ಸುಮ್ಮನಾಗಿಬಿಡ್ತಾರೆ."

"ಪಾಪ. ಕದ್ದು ಕೇಳ್ತಿದ್ರಾ?"

"ಕಂಪನಿ ಬೇಕಲ್ಲ ಮೇಡಂ. ಮನೇಲಿ ಇರೋನು ನಾನೊಬ್ಬನೇ. ಅಮ್ಮ ಹೋದ ಮೇಲೆ ರೇಡಿಯೋ ಒಂದೇ ಮಾತಾಡೋದು." ಸ್ವಲ್ಪ ತಡೆದು ಕೇಳಿದ, "ನೀವು? ಒಬ್ಬರೇ ಇದ್ದಾಗ ಏನು ಮಾತಾಡ್ತೀರಾ?"

"ನಾನೆಲ್ಲಿ ಒಬ್ಬಳೇ ಇರ್ತೀನಿ? ಬೆಳಗಾದ್ರೆ ಹಾಲ್ ತುಂಬಾ ಜನ."

"ನಾನು ಅದನ್ನ ಕೇಳಲಿಲ್ಲ," ಅಂದ ಅವನು.

ಅವಳು ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿದಳು, ಹಿಂಡಿದಳು, ಮತ್ತೆ ಅದ್ದಿದಳು. ಅವನು ಉತ್ತರಕ್ಕೆ ಕಾಯುತ್ತಾ ಕೂತಿದ್ದ, ಅವಸರವಿಲ್ಲದೆ. ತನ್ನ ಉತ್ತರಕ್ಕಾಗಿ ಒಬ್ಬರು ಹಾಗೆ ಕಾಯಬಹುದು ಅನ್ನುವುದೇ ಅವಳಿಗೆ ಮರೆತುಹೋಗಿತ್ತು.

ಮರುದಿನ ಅವಳು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದಾಗ ಮೈದುನ ಬಂದು ಬಾಗಿಲಿಗೆ ಒರಗಿ ನಿಂತ.

"ಅತ್ತಿಗೆ, ತಪ್ಪು ತಿಳ್ಕೋಬೇಡಿ. ಆ ಲಿಫ್ಟ್‌ನವರು ಕ್ಲಾಸ್ ಮುಗಿದ ಮೇಲೂ ಕೂತೇ ಇರ್ತಾರೆ. ಹೆಣ್ಣುಮಕ್ಕಳನ್ನ ನಂಬಿ ಕಳಿಸೋ ಜಾಗ ಇದು. ಪೇರೆಂಟ್ಸ್ ನೋಡ್ತಾರೆ."

"ಏನನ್ನ ನೋಡ್ತಾರೆ?"

ಅವನು ಅವಳ ಮುಖ ಬಿಟ್ಟು ಚಹಾದ ಪಾತ್ರೆ ನೋಡಿದ. "ನೀವು ನಗೋದನ್ನ."

ಕೆಟ್ಟವನಲ್ಲ ಅವನು. ಅಣ್ಣ ಹೋದ ದಿನ ಅವಳಿಗಿಂತ ಜೋರಾಗಿ ಅತ್ತವನು. ಅದಕ್ಕೇ ಅವಳು ಎದುರಾಡದೆ ಅವನ ಲೋಟಕ್ಕೆ ಚಹಾ ಸುರಿದಳು.

ಅಂದೇ ಸಂಜೆ ಮೆಕ್ಯಾನಿಕ್‌ಗೆ ಹೇಳಿದಳು: "ನಾಳೆಯಿಂದ ಬೆಳಗಿನ ಬ್ಯಾಚ್‌ಗೆ ಹೋಗಿ. ಚಿಕ್ಕ ಸರ್ ಚೆನ್ನಾಗಿ ಕಲಿಸ್ತಾರೆ."

"ನೀವು ಚೆನ್ನಾಗಿ ಕಲಿಸಲ್ಲ ಅಂತ ನಾನೇನಾದ್ರೂ ಅಂದ್ನಾ?"

ಅವನು ಅವಳನ್ನು ನೋಡಿದ, ಅವಳ ಹಿಂದೆ ಮೆಟ್ಟಿಲಲ್ಲಿ ನಿಂತಿದ್ದ ಮೈದುನನನ್ನು ನೋಡಿದ. ಲೇಸನ್ನು ಬೇಗ ಬೇಗ ಕಟ್ಟಿಕೊಂಡ.

"ಸರಿ ಮೇಡಂ," ಅಂದ.

ಬೆಳಗಿನ ಬ್ಯಾಚ್ ನಡೆಯುವಾಗ ಅವಳು ಮೇಲೆ ಅಡುಗೆಮನೆಯಲ್ಲಿ ಇರುತ್ತಿದ್ದಳು. ಕೆಳಗಿನಿಂದ, ಬೀಳುವಾಗ ಮ್ಯಾಟ್ ಮೇಲೆ ಕೈ ಬಡಿಯುವ ಸದ್ದು ಬರುತ್ತಿತ್ತು. ಅಷ್ಟು ಜನರ ನಡುವೆ ಅವನದು ಯಾವುದು ಅಂತ ಅವಳಿಗೆ ಗೊತ್ತಾಗುತ್ತಿತ್ತು. ಎಲ್ಲರದಕ್ಕಿಂತ ಒಂದು ಗಳಿಗೆ ತಡ, ಯೋಚನೆ ಮಾಡಿ ಬಿದ್ದ ಹಾಗೆ. ಒಲೆ ಆರಿಸಿ, ಕಿವಿಗೊಟ್ಟು ನಿಲ್ಲುತ್ತಿದ್ದಳು.

ಆಮೇಲೆ ಒಂದು ದಿನ ಆ ಸದ್ದು ಬರಲಿಲ್ಲ. ಮರುದಿನವೂ ಇಲ್ಲ. ಜ್ವರವಿರಬಹುದು ಅಂದುಕೊಂಡಳು. ಕೆಲಸವಿರಬಹುದು. ಫೋನ್‌ನಲ್ಲಿ ಅವನ ನಂಬರ್ ತೆಗೆದು ನೋಡುತ್ತಿದ್ದಳು, ಮತ್ತೆ ಮಗುಚಿ ಇಡುತ್ತಿದ್ದಳು. ಏನಂತ ಮಾಡುವುದು? ತಾನೇ ಕಳಿಸಿದವನಿಗೆ?

ಮನೆಯಲ್ಲಿ ಯಾವುದೂ ಬದಲಾಗಿರಲಿಲ್ಲ. ಅದೇ ಊಟ, ಅದೇ ವಾದ. ಮೊದಲು ಈ ಮನೆಯ ಒಂಟಿತನ ಅವಳಿಗೆ ಗೋಡೆಯ ಬಣ್ಣದಷ್ಟೇ ಸಹಜವಾಗಿತ್ತು. ಈಗ ಅದು ಮೈಮೇಲೆ ಬರುತ್ತಿತ್ತು.

ಒಂದು ಸಂಜೆ ಕ್ಲಾಸ್‌ನಲ್ಲಿ ಹುಡುಗಿಯೊಬ್ಬಳನ್ನು ಕೆಡವುವಾಗ ಅವಳ ಮನಸ್ಸು ಎಲ್ಲೋ ಇತ್ತು. ತೋಳು ಬಿಟ್ಟುಬಿಟ್ಟಳು. ಹುಡುಗಿ ಭುಜದ ಮೇಲೆ ಬಿದ್ದು ನೋವಿಗೆ ಕಿರುಚಿದಳು.

ಮರುದಿನ ಮಧ್ಯಾಹ್ನ ಮಾವ ಹರಿದ ಮ್ಯಾಟಿನ ಹೊದಿಕೆಗೆ ಹೊಲಿಗೆ ಹಾಕುತ್ತಾ ಹಾಲ್‌ನಲ್ಲಿ ಕೂತಿದ್ದರು. ಅವಳು ಎದುರು ಕೂತು ಅಂಚು ಹಿಡಿದುಕೊಂಡಳು.

"ಹುಡುಗಿ ಹೇಗಿದಾಳೆ?"

"ಊತ ಇಳಿದಿದೆ. ಮೂಳೆಗೇನೂ ಆಗಿಲ್ಲ. ಬೆಳಿಗ್ಗೆ ಹೋಗಿ ನೋಡ್ಕೊಂಡು ಬಂದೆ."

"ನೀನು ಯಾವತ್ತೂ ತೋಳು ಬಿಟ್ಟೋಳಲ್ಲಮ್ಮ." ಮಾವ ಸೂಜಿ ಎಳೆದರು. "ಆ ಲಿಫ್ಟ್‌ನವನು ಬರೋದು ನಿಲ್ಲಿಸಿದ ಮೇಲೆ ನೀನು ಇಲ್ಲಿಲ್ಲ."

ಸುಳ್ಳು ಹೇಳುವುದು ಅವಳಿಗೆ ಸುಲಭವಿತ್ತು. ಹೇಳಲಾಗಲಿಲ್ಲ.

"ಅವರನ್ನ ನೋಡಬೇಕು ಅನ್ನಿಸ್ತಿದೆ ಮಾವ. ಸುಮ್ಮನೆ ನೋಡೋಕಲ್ಲ. ಅವರ ಜೊತೆ ಇರಬೇಕು ಅನ್ನಿಸ್ತಿದೆ."

ಮಾವ ಇನ್ನೊಂದು ಹೊಲಿಗೆ ಹಾಕಿದರು. ಕಿಟಕಿಯ ಬಿಸಿಲು ಮ್ಯಾಟಿನ ಮೇಲೆ ಸರಿಯುತ್ತಿತ್ತು.

"ಸಂಜೆ ಬ್ಯಾಚ್ ನಡೀತಿದ್ರೆ ನಾನು ಮೇಲೆ ಕಣ್ಣು ಮುಚ್ಕೊಂಡು ಕೂತಿರ್ತೀನಿ," ಅಂದರು ಕೊನೆಗೆ. "ಕೆಳಗೆ ನಿನ್ನ ಗಂಡನೇ ಕ್ಲಾಸ್ ತಗೋತಿದಾನೆ ಅನ್ಕೋತೀನಿ. ನೀನು ಈ ಮನೇಲಿ ಹೀಗೇ ಇರೋ ತನಕ, ಅವನು ಎಲ್ಲೋ ಹೋಗಿದಾನೆ, ಬರ್ತಾನೆ ಅನ್ನೋ ಹಾಗಿತ್ತು ನನಗೆ. ಅದಕ್ಕೇ ನಿನ್ನ ಏನೂ ಕೇಳ್ಲಿಲ್ಲ. ಕೇಳಬೇಕಾಗಿತ್ತು."

"ಕ್ಲಾಸ್ ಬಿಡಲ್ಲ ಮಾವ."

"ಕ್ಲಾಸ್ ವಿಷಯ ಯಾರು ಮಾತಾಡಿದ್ರು?" ಅವರು ಸೂಜಿಗೆ ಹೊಸ ದಾರ ಪೋಣಿಸಲು ನೋಡಿದರು. ದಾರ ಪಕ್ಕಕ್ಕೆ ಹೋಯಿತು. ಅವಳು ಇಸಿದುಕೊಂಡು ಪೋಣಿಸಿ ಕೊಟ್ಟಳು. "ಹೋಗಿ ಬಾ," ಅಂದರು, ತಲೆ ಎತ್ತದೆ.

ಬಾಗಿಲಲ್ಲಿ ಮೈದುನ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ.

"ಅತ್ತಿಗೆ..."

"ನಾನೂ ಬಿಳಿ ಬೆಲ್ಟ್ ಕಟ್ಕೊಂಡು ಈ ಹಾಲ್‌ಗೆ ಬಂದೋಳೇ ಅಲ್ವಾ? ನಿಮ್ಮಣ್ಣ ಆಗ ಕೋಚ್. ನಾವು ನಗೋದನ್ನ ಆಗ ಪೇರೆಂಟ್ಸ್ ಯಾರೂ ನೋಡಿರಲಿಲ್ವಾ?"

ಮೈದುನ ನೆಲ ನೋಡಿದ. ದಾರಿ ಬಿಟ್ಟು ನಿಂತ. ಅವಳು ಗೇಟು ದಾಟುವಷ್ಟರಲ್ಲಿ ಹಿಂದಿನಿಂದ ಅವನ ಧ್ವನಿ ಬಂತು, "ಬೈಕ್‌ನಲ್ಲಿ ಬಿಟ್ಟು ಬರಲಾ?"

"ಬೇಡಪ್ಪ. ನಡ್ಕೊಂಡೇ ಹೋಗ್ತೀನಿ."

ದಾರಿಯಲ್ಲಿ ಅವನ ಕಂಪನಿಗೆ ಫೋನ್ ಮಾಡಿದಳು.

"ಲಿಫ್ಟ್ ಕೆಟ್ಟಿದೆಯಾ ಮೇಡಂ?"

"ಲಿಫ್ಟ್ ಇಲ್ಲ. ರಿಪೇರಿಯವರು ಬೇಕಿತ್ತು," ಅಂದು, ಅವನು ಕೆಲಸ ಮಾಡುತ್ತಿದ್ದ ಕಟ್ಟಡದ ವಿಳಾಸ ಕೇಳಿ ತಿಳಿದುಕೊಂಡಳು.

ಅದು ಹಳೆಯ ಕಟ್ಟಡ. ನೆಲಮಹಡಿಯಲ್ಲಿ ಲಿಫ್ಟ್ ಬಾಗಿಲಿಗೆ ಅಡ್ಡವಾಗಿ ಹಗ್ಗ ಕಟ್ಟಿತ್ತು. ಒಳಗೆ ಕತ್ತಲು. ಮೇಲೆ ಎಲ್ಲೋ, ಬಹಳ ಎತ್ತರದಲ್ಲಿ, ಒಂದು ಪುಟ್ಟ ದೀಪ ಅಲ್ಲಾಡುತ್ತಿತ್ತು. ಅವಳು ಹಗ್ಗ ಹಿಡಿದು ಬಗ್ಗಿದ ಸದ್ದಿಗೆ ಮೇಲಿನಿಂದ ಧ್ವನಿ ಬಂತು.

"ಲಿಫ್ಟ್ ಇನ್ನೂ ಲೇಟಾಗುತ್ತೆ. ಮೆಟ್ಟಿಲಲ್ಲಿ ಹೋಗಿ."

"ನಾನು ಹೋಗೋಕೆ ಬಂದಿಲ್ಲ," ಅಂದಳು ಅವಳು.

ಮೇಲೆ ಸ್ಪ್ಯಾನರ್ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ದಡಬಡ ಹೆಜ್ಜೆ. ಕೊನೆಯ ತಿರುವಿನಲ್ಲಿ ಅವನು ಕಾಣಿಸಿಕೊಂಡ. ಅವಳನ್ನು ಕಂಡು, ಕೈಗೆ ಸಿಕ್ಕ ಹಳೇ ಬಟ್ಟೆಯಲ್ಲಿ ಬೆರಳು ಒರೆಸಿಕೊಳ್ಳುತ್ತಾ ಅಲ್ಲೇ ನಿಂತ.

"ಅಷ್ಟು ಮೇಲೆ ಹತ್ತಿದ್ರಾ?" ಕೇಳಿದಳು.

"ಹತ್ತಿದೆ." ಅವನ ಮುಖ ಒಂದು ಗಳಿಗೆ ಬೆಳಗಿತು. "ಮತ್ತೆ ಮೇಲೆ ಹತ್ತೋ ಕೆಲಸಕ್ಕೆ ಸೇರ್ಕೊಂಡೆ, ಅದಕ್ಕೇ ಬ್ಯಾಚ್ ಬಿಟ್ಟೆ. ಮೊದಲ ದಿನ ಕಾಲು ಗಡಗಡ ಅಂತಿತ್ತು. ಆದ್ರೂ ಹತ್ತಿ, ಕೆಲಸ ಮುಗಿಸಿ ಇಳಿದೆ. ಇಳಿದ ತಕ್ಷಣ ಯಾರಿಗಾದ್ರೂ ಹೇಳಬೇಕು ಅನ್ನಿಸ್ತು. ಫೋನ್ ತೆಗೆದ್ರೆ, ಇರೋ ನಂಬರೆಲ್ಲಾ ಲಿಫ್ಟ್ ಕೆಟ್ಟವರದ್ದೇ."

"ನನ್ನ ನಂಬರ್ ಇತ್ತಲ್ಲ."

"ಇತ್ತು. ನೀವೇ ಬೇಡ ಅಂದಿದ್ರಲ್ಲ."

ಅವಳು ಮೆಟ್ಟಿಲ ಮೇಲೆ ಕೂತಳು. ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದಳು. "ಬೇಡ ಅಂದಿರಲಿಲ್ಲ. ಹೆದರಿದ್ದೆ. ಕೂತ್ಕೊಳ್ಳಿ. ಈಗ ಹೇಳಿ, ಮೊದಲಿಂದ."

ಅವನು ಕೂತ. ಹೇಳಿದ. ಯಾವ ಕಟ್ಟಡ, ಎಷ್ಟು ಕತ್ತಲು, ಎಲ್ಲಿ ಕಾಲು ಕೊಟ್ಟದ್ದು, ಎಲ್ಲಿ ಇನ್ನು ಆಗಲ್ಲ ಅನ್ನಿಸಿದ್ದು, ಎಲ್ಲ. ಅವಳು ಒಂದಕ್ಷರ ಬಿಡದೆ ಕೇಳಿದಳು.

"ಮಾವನಿಗೆ ಹೇಳಿ ಬಂದಿದ್ದೀನಿ," ಅಂದಳು.

"ಏನಂತ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಹೊರಬಾಗಿಲಲ್ಲಿ ಏದುಸಿರು. ಎರಡೂ ಕೈಯಲ್ಲಿ ತುಂಬಿದ ಚೀಲ ಹಿಡಿದ ಅಜ್ಜಿಯೊಬ್ಬಳು ಹಗ್ಗವನ್ನೂ ಅವನನ್ನೂ ಕೆಕ್ಕರಿಸಿ ನೋಡಿದಳು.

"ಇನ್ನೂ ಮುಗೀಲಿಲ್ವಾ? ಬೆಳಿಗ್ಗೆಯಿಂದ ಇದೇ ಕಥೆ!"

"ಇನ್ನು ಸ್ವಲ್ಪ ಹೊತ್ತು ಅಜ್ಜಿ. ಕೊಡಿ ಇಲ್ಲಿ." ಅವನು ಎದ್ದು ಒಂದು ಚೀಲ ಇಸಿದುಕೊಂಡು ಮುಂದೆ ಹತ್ತತೊಡಗಿದ. ಅವಳು ಇನ್ನೊಂದನ್ನು ಎತ್ತಿಕೊಂಡು ಅಜ್ಜಿಯ ಜೊತೆ ಹೆಜ್ಜೆ ಹಾಕಿದಳು. ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ನೀನ್ಯಾರಮ್ಮ? ನೀನೂ ಲಿಫ್ಟ್ ಕಂಪನಿಯವಳಾ?"

"ಅಲ್ಲ ಅಜ್ಜಿ," ಅಂದಳು ಅವಳು. "ನಾನು ಇವರ ಕಡೆಯವಳು."

ಮುಂದೆ ಹತ್ತುತ್ತಿದ್ದ ಕಾಲು ಅರ್ಧಕ್ಕೇ ನಿಂತಿತು. ಅವನು ತಿರುಗಿ ನೋಡಲಿಲ್ಲ. ಕಂಬಿಯನ್ನು ಹಿಡಿದ ಅವನ ಕೈ ಮಾತ್ರ ಬಿಗಿಯಾಯಿತು, ಆಮೇಲೆ ನಿಧಾನಕ್ಕೆ ಸಡಿಲವಾಯಿತು.

"ಹಾಗಿದ್ರೆ ನೀನಾದ್ರೂ ಹೇಳು ಅವನಿಗೆ," ಅಂದಳು ಅಜ್ಜಿ, "ಹೀಗೆ ನಡುದಾರೀಲಿ ನಿಂತ್ಕೋಬೇಡ ಅಂತ."

"ಹೇಳ್ತೀನಿ ಅಜ್ಜಿ," ಅಂದಳು ಅವಳು.